ಎಣ್ಣೆ ಕುಡಿಯುವ ಗಾಡಿ

ಹೊಳಲ್ಕೆರೆ
12 ಜೂನ್ 2024

ಮುದ್ದಣ್ಣನವರಿಗೆ,

ನಾನು ಹೇಮಾವತಿ, ಏಪ್ರಿಲ್‌ನಲ್ಲಿ ನಿಮ್ಮ ಬಿಳಿ ಡೀಸೆಲ್ ಗಾಡಿ ಕೊಂಡವಳು. ಎರಡು ಸಲ ಫೋನ್ ಮಾಡಿದೆ. ಎರಡು ಸಲವೂ ನಿಮ್ಮ ಮನೆಯವರು ಚಿತ್ತಮ್ಮನೇ ಎತ್ತಿದರು. "ಅವ್ರಿಗೆ ಕಿವಿ ಕೇಳ್ಸಲ್ಲ ಕಣ್ರಿ. ಫೋನ್ ಕೊಟ್ರೆ ಸುಮ್ನೆ ನನ್ ಮುಖ ನೋಡ್ತಾರೆ. ಕಾಗ್ದ ಬರೀರಿ, ಓದ್ಕಂತಾರೆ" ಅಂದರು. ಗಾಡಿ ನೋಡಲು ಹಿರಿಯೂರಿಗೆ ಬಂದಿದ್ದಾಗ ನೀವು ಜಗಲಿಯ ಮೇಲೆ ಒಂದೂ ಮಾತಾಡದೆ ಕುಳಿತಿದ್ದಿರಿ. ಮಾರಲು ಮನಸ್ಸಿಲ್ಲ ಅಂದುಕೊಂಡಿದ್ದೆ. ವಿಷಯ ಬೇರೆಯೇ ಎಂದು ಈಗ ತಿಳಿಯಿತು.

ಗಾಡಿ ಎಂಜಿನ್ ಆಯಿಲ್ ಕುಡಿಯುತ್ತಿದೆ. ಕೊಂಡ ವಾರವೇ ಇಲ್ಲಿನ ಮೆಕ್ಯಾನಿಕ್ ಮಂಜಣ್ಣನ ಹತ್ತಿರ ಮೇಲಿನ ಗೆರೆಯವರೆಗೆ ತುಂಬಿಸಿದ್ದೆ. ಮೊನ್ನೆ ಎಣ್ಣೆ ಅಳೆಯುವ ಗೇಜ್ ಕಡ್ಡಿ ಎಳೆದು ನೋಡಿದರೆ ತುದಿಗಷ್ಟೇ ಅಂಟಿದೆ. ಕೆಳಗೆ ನೆಲದ ಮೇಲೆ ಒಂದು ಹನಿಯೂ ಇಲ್ಲ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ನೀಲಿ ಹೊಗೆ ಬರುತ್ತದೆ, ಆಮೇಲೆ ನಿಲ್ಲುತ್ತದೆ.

ನಾನು ಮನೆಯಲ್ಲೇ ರವಿಕೆ ಹೊಲಿಯುವವಳು. ಹೊಲಿಗೆ ಮೆಷಿನ್‌ಗೆ ಎಣ್ಣೆ ಬಿಡುವುದು ಬಿಟ್ಟರೆ ಯಂತ್ರದ ಬಗ್ಗೆ ಬೇರೇನೂ ಗೊತ್ತಿಲ್ಲ. ನಮ್ಮ ಮನೆಯವರು ಮೋಹನ್‌ಕುಮಾರ್ ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು. ಎರಡೂ ಕಿಡ್ನಿ ಹೋಗಿವೆ. ವಾರಕ್ಕೆ ಮೂರು ದಿನ ಚಿತ್ರದುರ್ಗಕ್ಕೆ ಡಯಾಲಿಸಿಸ್‌ಗೆ ಹೋಗಬೇಕು. ಬರುವಾಗ ಬಸ್ಸಿನಲ್ಲಿ ನಿಲ್ಲುವ ಶಕ್ತಿ ಅವರಿಗಿರುವುದಿಲ್ಲ. ಅದಕ್ಕೇ ಈ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತು ಗಾಡಿ ತೆಗೆದುಕೊಂಡೆ. ಇದು ದಾರಿಯಲ್ಲಿ ಕೆಟ್ಟು ನಿಂತರೆ ನಮಗೆ ಬೇರೆ ದಾರಿಯಿಲ್ಲ.

ಹೀಗಿದೆ ಎಂದು ನಿಮಗೆ ಮೊದಲೇ ಗೊತ್ತಿತ್ತೇ? ಗೊತ್ತಿದ್ದರೆ ಹೇಳಬೇಕಿತ್ತು.

ಉತ್ತರಕ್ಕೆ ಕಾಯುವ,
ಹೇಮಾವತಿ


ಹಿರಿಯೂರು
20 ಜೂನ್ 2024

ಹೇಮಾವತಮ್ಮನವರಿಗೆ,

ನನ್ನ ಕೈಯಲ್ಲಿದ್ದಾಗ ಆ ಗಾಡಿ ಎಣ್ಣೆ ಕುಡಿದದ್ದಿಲ್ಲ. ಮೂರೂವರೆ ಲಕ್ಷ ಕಿಲೋಮೀಟರ್ ಓಡಿಸಿದ್ದೇನೆ. ತೆಂಗಿನ ವ್ಯಾಪಾರಿಗಳು, ಬಾಣಂತಿಯರು, ಮದುವೆ ದಿಬ್ಬಣ, ಯಾರನ್ನೂ ಅರ್ಧ ದಾರಿಯಲ್ಲಿ ಇಳಿಸಿದವನಲ್ಲ. ಸುಳ್ಳು ಹೇಳಿ ಮಾರುವ ಬುದ್ಧಿ ನನಗಿಲ್ಲ.

ನೀವು ಗೇಜ್ ನೋಡುವ ರೀತಿಯೇ ತಪ್ಪಿರಬಹುದು. ಗಾಡಿ ಸಮತಟ್ಟಾದ ನೆಲದ ಮೇಲೆ ನಿಂತಿರಬೇಕು. ಎಂಜಿನ್ ಆಫ್ ಮಾಡಿ ಎಣ್ಣೆಯೆಲ್ಲ ಕೆಳಗಿಳಿಯುವಷ್ಟು ಹೊತ್ತು ಬಿಡಬೇಕು. ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ನೋಡಬೇಕು. ಮೊದಲ ಸಲ ಎಳೆದಾಗ ಕಾಣುವುದನ್ನು ನಂಬಬಾರದು. ಹಾಕುವಾಗ ಸ್ವಲ್ಪ ಸ್ವಲ್ಪವೇ ಹಾಕಿ. ಮೇಲಿನ ಗೆರೆ ದಾಟಿಸಿದರೆ ಅದೂ ಕೆಡುಕು.

ಒಂದು ಮಾತು ಬರೆಯಬೇಕು. ಮಾರುವ ಮುಂಚೆ ಒಂದು ವರ್ಷದ ಮೇಲೆ ಗಾಡಿ ಶೆಡ್ಡಿನಲ್ಲಿ ನಿಂತೇ ಇತ್ತು. ನಿಂತ ಗಾಡಿಯಲ್ಲಿ ವಾಲ್ವ್ ಸೀಲಿನ ರಬ್ಬರು ಒಣಗಿ ಗಟ್ಟಿಯಾಗಿ, ಎಣ್ಣೆ ಒಳಗೆ ಸೋರಿ ಉರಿದುಹೋಗುತ್ತದೆ. ಬೆಳಿಗ್ಗೆ ಮಾತ್ರ ನೀಲಿ ಹೊಗೆ ಅನ್ನುತ್ತೀರಿ. ಹಾಗಿದ್ದರೆ ಅದೇ ಇರಬಹುದು. ಅದು ನನಗೆ ಗೊತ್ತಿರಲಿಲ್ಲ. ಮುಂದಿನ ಸಲ ದಪ್ಪನೆಯ ಆಯಿಲ್ ಹಾಕಿಸಿ, ಕುಡಿಯುವುದು ಕಡಿಮೆಯಾಗುತ್ತದೆ.

ಮುದ್ದಣ್ಣ


ಹೊಳಲ್ಕೆರೆ
18 ಜುಲೈ 2024

ಮುದ್ದಣ್ಣನವರಿಗೆ,

ನಿಮ್ಮ ಕಾಗದ ಓದಿ ನಮ್ಮ ಮನೆಯವರು ನನ್ನನ್ನೇ ಬೈದರು. "ಗೊತ್ತಿತ್ತೇನ್ರಿ ಅಂತ ಕೇಳ್ತಾರೇನೇ ಯಾರಾದ್ರೂ? ಅವ್ರಿಗೆ ಎಷ್ಟ್ ಬೇಜಾರಾಗಿರ್ಬೇಡ" ಅಂದರು. ನಾನು ಬೆದರಿ ಬರೆದದ್ದು ಅದು. ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನೀವು ಹೇಳಿದ ಹಾಗೆಯೇ ನೋಡುತ್ತಿದ್ದೇನೆ. ಆದರೂ ಕುಡಿಯುವುದು ನಿಜ. ಮನೆಯ ಮುಂದಿನ ನೆಲ ಇಳಿಜಾರು, ಹಾಗಾಗಿ ಪಕ್ಕದ ಅಕ್ಕಿ ಗಿರಣಿಯ ಕಣದಲ್ಲಿ ನಿಲ್ಲಿಸಿ ನೋಡುತ್ತೇನೆ. ಎರಡು ವಾರಕ್ಕೊಮ್ಮೆ ಒಂದು ಲೋಟದಷ್ಟು ಹಾಕಬೇಕಾಗುತ್ತದೆ. ನಮ್ಮ ಮನೆಯವರಿಗೆ ದಿನಕ್ಕೆ ಇಷ್ಟೇ ನೀರು ಎಂದು ಡಾಕ್ಟರು ಅಳತೆ ಕೊಟ್ಟಿದ್ದಾರೆ. ನಾನು ಎಣ್ಣೆ ಅಳೆಯುವುದನ್ನು ನೋಡಿ ನಗುತ್ತಾರೆ. "ಅದ್ಕೆ ಕುಡ್ಸಾಕೆ ಓಡಾಡ್ತೀಯ, ನಂಗೆ ಮಾತ್ರ ಕುಡೀಬ್ಯಾಡ ಅಂತೀಯ" ಅನ್ನುತ್ತಾರೆ.

ಆಯಿಲ್ ಚೇಂಜ್ ಆಯಿತು. ದಪ್ಪನೆಯದೇ ಹಾಕಿಸಿದ್ದೇನೆ. ಮಂಜಣ್ಣ "ಗಾಡಿ ಬುಕ್ಕಲ್ಲಿ ಬರ್ದಿರೋದ್ ಬ್ಯಾರೆ ಐತಲ್ಲಕ್ಕ" ಅಂದ. ಮುದ್ದಣ್ಣ ಹೇಳಿದ್ದಾರೆ ಹಾಕು ಅಂದೆ. ಫಿಲ್ಟರೂ ಹೊಸದು. ಆದರೆ ಮೂರೇ ದಿನಕ್ಕೆ ಹೊಸ ಎಣ್ಣೆ ಕಾಡಿಗೆಯ ಹಾಗೆ ಕಪ್ಪಾಗಿದೆ. ಮೋಸದ ಮಾಲೇ? ಹೇಗೂ ಮೇಲೆ ಮೇಲೆ ಹೊಸ ಎಣ್ಣೆ ಹಾಕುತ್ತಲೇ ಇರುತ್ತೇನಲ್ಲ, ಇನ್ನು ಮುಂದೆ ಪೂರ್ತಿ ಬದಲಾಯಿಸುವ ಅಗತ್ಯವಿದೆಯೇ?

ಕೈತುಂಬ ಎಣ್ಣೆಯ ಕಲೆ ಇಟ್ಟುಕೊಂಡು,
ಹೇಮಾವತಿ


ಹಿರಿಯೂರು
1 ಆಗಸ್ಟ್ 2024

ಹೇಮಾವತಮ್ಮನವರಿಗೆ,

ಡೀಸೆಲ್ ಗಾಡಿಯಲ್ಲಿ ಎಣ್ಣೆ ಕಪ್ಪಾಗಲೇಬೇಕು. ಮಸಿಯನ್ನು ಎಳೆದುಕೊಳ್ಳುವುದೇ ಅದರ ಕೆಲಸ. ಬಣ್ಣಕ್ಕೆ ಹೆದರಬೇಡಿ. ಆದರೆ ಬದಲಾಯಿಸುವುದನ್ನು ಮಾತ್ರ ಬಿಡಬೇಡಿ. ಮೇಲೆ ಸ್ವಲ್ಪ ಹೊಸದು ಸುರಿದರೆ ಅಡಿಯಲ್ಲಿರುವ ಹಳೆಯದು ಹೊಸದಾಗುವುದಿಲ್ಲ. ಕುಡಿಯುವ ಗಾಡಿಗಂತೂ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಮುಂಚೆಯೇ ಬದಲಾಯಿಸಬೇಕು.

ಇನ್ನೊಂದು ವಿಷಯ, ಇದನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಮೀಟರಿನ ಹತ್ತಿರ ಎಣ್ಣೆ ಕ್ಯಾನಿನ ಚಿತ್ರದ ಕೆಂಪು ದೀಪ ಇದೆ. ಓಡುವಾಗ ಅದು ಹತ್ತಿದರೆ ತಕ್ಷಣ ಪಕ್ಕಕ್ಕೆ ತೆಗೆದುಕೊಂಡು ಎಂಜಿನ್ ಆಫ್ ಮಾಡಿ. ಮುಂದಿನ ಊರು ಕಾಣುತ್ತಿದ್ದರೂ ಸರಿ. ಆ ದೀಪ ಹತ್ತಿದ ಮೇಲೆ ಓಡಿಸಿದರೆ ಎಂಜಿನ್ ಹಿಡಿದುಕೊಳ್ಳುತ್ತದೆ, ಮತ್ತೆ ಏಳುವುದಿಲ್ಲ.

ನನ್ನ ಕಿವಿಯ ಬಗ್ಗೆ ಚಿತ್ತಮ್ಮ ನಿಮಗೆ ಏನೇನು ಹೇಳಿದ್ದಾಳೋ. ಎಂಜಿನ್ ಸದ್ದು ಕೇಳಿಯೇ ಗಾಡಿ ನೋಡಿಕೊಂಡವನು ನಾನು. ಸದ್ದು ಕಡಿಮೆಯಾಗುತ್ತ ಬಂದಾಗ ಎಂಜಿನ್ ಮೆತ್ತಗಾಗಿದೆ ಅಂದುಕೊಂಡು ಖುಷಿಪಟ್ಟೆ. ಆಮೇಲೆ ಒಂದು ದಿನ ಹೈವೇಯಲ್ಲಿ ಹಿಂದೆ ಲಾರಿಯವನು ಹಾರ್ನ್ ಹೊಡೆದೂ ಹೊಡೆದೂ, ಕೊನೆಗೆ ಪಕ್ಕಕ್ಕೆ ಬಂದು ಕೈ ಬೀಸಿ ಬೈದ. ಅವನ ಬಾಯಿ ಆಡುತ್ತಿತ್ತು, ನನಗೇನೂ ಕೇಳಲಿಲ್ಲ. ಗಾಡಿಯಲ್ಲಿ ಮಕ್ಕಳಿದ್ದರು. ಅವತ್ತು ಮನೆಗೆ ಬಂದು ಕೀಲಿ ಚಿತ್ತಮ್ಮನ ಕೈಗೆ ಕೊಟ್ಟೆ. ಅವತ್ತಿನಿಂದ ಪೇಟೆಗೂ ಹೋಗಿಲ್ಲ.

ಜಗಲಿಯಿಂದ,
ಮುದ್ದಣ್ಣ


ಹೊಳಲ್ಕೆರೆ
3 ಅಕ್ಟೋಬರ್ 2024

ಮುದ್ದಣ್ಣನವರಿಗೆ,

ಸೋಮವಾರ ಕೆಂಪು ದೀಪ ಹತ್ತಿತು.

ನಡುವೆ ಭಾನುವಾರ ಬರುವುದರಿಂದ ಸೋಮವಾರ ಅವರಿಗೆ ಯಾವಾಗಲೂ ಕಷ್ಟದ ದಿನ. ಮೈಯಲ್ಲಿ ನೀರು ತುಂಬಿ ಉಸಿರಿಗೆ ಕಷ್ಟಪಡುತ್ತಿರುತ್ತಾರೆ. ನನ್ನ ಮುಂದೆ ಹೋಗುತ್ತಿದ್ದ ಅದಿರಿನ ಲಾರಿಯಿಂದ ಒಂದು ಕಲ್ಲು ಬಿತ್ತು. ತಪ್ಪಿಸಲು ಆಗಲಿಲ್ಲ. ಗಾಡಿಯ ಹೊಟ್ಟೆಗೆ ಠಣ್ ಎಂದು ಬಡಿಯಿತು. ಗಾಡಿ ಚೆನ್ನಾಗಿಯೇ ಓಡುತ್ತಿತ್ತು, ಹಾಗಾಗಿ ನಿಲ್ಲಿಸಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ದೀಪ ಹತ್ತಿತು.

ಪಕ್ಕಕ್ಕೆ ತೆಗೆದು ಆಫ್ ಮಾಡಿದೆ. ಇಳಿದು ನೋಡಿದರೆ ಹಿಂದೆ ರಸ್ತೆಯುದ್ದಕ್ಕೂ ಕಪ್ಪು ಗೆರೆ. ಅವರಿಗೆ ಸಿಟ್ಟು ಬಂತು. "ದುರ್ಗ ಇನ್ನೇನ್ ಬಂದೇ ಬಿಡ್ತು. ನಡೀ, ಹೋಗಾಣ" ಅಂದರು. ಆಗಲ್ಲ ಅಂದೆ. "ಗಾಡಿ ಹೋದ್ರೆ ಹೋಗ್ಲಿ ಕಣೇ, ಉಸ್ರಾಡಕ್ ಆಗ್ತಿಲ್ಲ ನಂಗೆ" ಅಂದರು. ಅವರು ಹಾಗೆ ಕೇಳಿಕೊಂಡದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಕೀಲಿಯ ಮೇಲೆ ಕೈ ಇಟ್ಟೆ, ತೆಗೆದೆ. ಇವತ್ತು ಎಂಜಿನ್ ಸುಟ್ಟುಕೊಂಡರೆ ಬುಧವಾರ ಹೇಗೆ ಹೋಗುವುದು, ಶುಕ್ರವಾರ ಹೇಗೆ? ಅದನ್ನು ಅವರಿಗೆ ಬಾಯಿಬಿಟ್ಟು ಹೇಳಲಿಲ್ಲ. ರಸ್ತೆಯ ನಡುವೆ ನಿಂತು ಸೆರಗು ಬೀಸಿದೆ. ಎರಡು ಕಾರು ನಿಲ್ಲದೆ ಹೋದವು. ಮೂರನೆಯದು ಬಸ್ಸು, ನಿಂತಿತು. ಕಂಡಕ್ಟರ್ ಇಳಿದು ಬಂದು ಅವರನ್ನು ತೋಳು ಹಿಡಿದು ಹತ್ತಿಸಿದ.

ಆಸ್ಪತ್ರೆಗೆ ಹೋಗುವಷ್ಟರಲ್ಲಿ ನಮ್ಮ ಸರದಿ ತಪ್ಪಿ, ಮುಂದಿನವರನ್ನು ಕರೆದಾಗಿತ್ತು. ಹೊರಕೆರೆದೇವಪುರದ ಬೋರಕ್ಕ ಎಂಬಾಕೆ. ಕುರಿ ಸಾಕುವ ಮನೆಯವಳು. ನನ್ನದೇ ವಯಸ್ಸು. ಒಂದು ಕಾಲು ಹಾಸಿಗೆಯ ಮೇಲಿಟ್ಟವಳು ಇವರನ್ನು ನೋಡಿ ಕೆಳಗಿಳಿದಳು. "ಅಣ್ಣುಂಗೆ ಮೇಲುಸ್ರು ಬರ್ತೈತಲ್ರಿ. ಅವ್ರನ್ನ ಮೊದ್ಲು ಮಲಗಿಸ್ರಿ, ನಾನು ಕುಂತ್ಕಂತೀನಿ" ಅಂದಳು. ಆಕೆಗೆ ಊರಿಗೆ ಹೋಗುವ ಕೊನೆಯ ಬಸ್ಸು ಸಿಕ್ಕಿತೋ ಇಲ್ಲವೋ ನಾನು ಕೇಳಲಿಲ್ಲ. ಆ ಗಡಿಬಿಡಿಯಲ್ಲಿ ಹೊಳೆಯಲಿಲ್ಲ.

ಮಂಜಣ್ಣ ಗಾಡಿ ಎಳೆದು ತಂದ. ಎಂಜಿನ್ ಅಡಿಯಲ್ಲಿ ಎಣ್ಣೆ ನಿಲ್ಲುವ ಚೇಂಬರ್ ಬಿರುಕು ಬಿಟ್ಟಿತ್ತು, ವೆಲ್ಡಿಂಗ್ ಮಾಡಿಸಿದ. ಎಂಜಿನ್‌ಗೆ ಏನೂ ಆಗಿಲ್ಲ. ಆದರೆ ನಮ್ಮ ಮನೆಯವರು ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ನಾನು ಮಾಡಿದ್ದು ಸರಿಯೇ?

ಹೇಮಾವತಿ


ಹಿರಿಯೂರು
9 ಅಕ್ಟೋಬರ್ 2024

ತಂಗಿ ಹೇಮಾವತಿಗೆ,

ಗಾಡಿಯ ಮಟ್ಟಿಗೆ ಸರಿ. ಮಿಕ್ಕಿದ್ದು ನಾನು ಹೇಳುವಂಥದ್ದಲ್ಲ. ಸೀಟಿನಲ್ಲಿ ಕುಳಿತವರಿಗೆ ಮಾತ್ರ ಗೊತ್ತಾಗುವ ವಿಷಯ ಅದು. ಒಂದು ಮಾತು ಮಾತ್ರ ಹೇಳುತ್ತೇನೆ. ದೀಪ ಹತ್ತಿದರೂ ಓಡಿಸಿ, ಎಂಜಿನ್ ಕಳೆದುಕೊಂಡ ಡ್ರೈವರುಗಳು ನನಗೆ ಬಹಳ ಮಂದಿ ಗೊತ್ತು. ಅವರೆಲ್ಲರಿಗೂ ಅವಸರದ ಕಾರಣವೇ ಇತ್ತು.

ವೆಲ್ಡಿಂಗ್ ಮಾಡಿದ ಚೇಂಬರನ್ನು ಕಣ್ಣಾರೆ ನೋಡಬೇಕು. ಭಾನುವಾರ ಬರುತ್ತೇನೆ. ಚಿತ್ತಮ್ಮನೂ ಜೊತೆಗೆ ಬರುತ್ತಾಳೆ, ಬಸ್ಸಿನಲ್ಲಿ ಊರು ಬಂತೆಂದು ಕೂಗುವುದು ಅವಳಿಗೆ ಕೇಳಬೇಕಲ್ಲ.

ಮುದ್ದಣ್ಣ


ಹೊಳಲ್ಕೆರೆ
4 ನವೆಂಬರ್ 2024

ಅಣ್ಣ,

ನೀವು ಬಂದು ಹೋದ ಮೇಲೆ ಅವರು ಗೆಲುವಾಗಿದ್ದಾರೆ. ಅವರು ನನ್ನ ಸೀಮೆಸುಣ್ಣದಿಂದ ಲೈನಿಂಗ್ ಬಟ್ಟೆಯ ತುಂಡಿನ ಮೇಲೆ ನಿಮಗೆ ಪ್ರಶ್ನೆ ಬರೆದು ಬರೆದು, ನೀವು ಗಟ್ಟಿ ದನಿಯಲ್ಲಿ ಉತ್ತರ ಹೇಳಿ ಹೇಳಿ, ಇಡೀ ಬೀದಿಯೇ ಬಂದು ನಿಂತಿತ್ತಲ್ಲ. ಆ ತುಂಡುಗಳನ್ನು ಬಿಸಾಡಲು ಹೋದರೆ ಬೇಡ ಅಂದರು. ನನ್ನ ಜೊತೆಯೂ ಮಾತು ಶುರುವಾಗಿದೆ. "ಅವತ್ತು ನೀನ್ ನಿಲ್ಸಿದ್ದಕ್ಕೆ ಇವತ್ತು ಗಾಡೀಲಿ ಕುಂತೀನಿ" ಎಂದು ಶುಕ್ರವಾರ ಅವರಾಗಿಯೇ ಹೇಳಿದರು. ನಾನು ಹೂಂ ಅಂದೆ ಅಷ್ಟೆ.

ದಪ್ಪ ಎಣ್ಣೆಯ ವಿಷಯದಲ್ಲಿ ಮಂಜಣ್ಣನ ಮಾತೇ ಸರಿ ಎಂದು ಕಾಣುತ್ತದೆ. ಚಳಿಯ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಎಂಜಿನ್ನಿನ ತಲೆಯ ಭಾಗದಲ್ಲಿ ಟಕಟಕ ಸದ್ದು ಬರುತ್ತಿತ್ತು. ನಿಮಗೆ ಕೇಳಲಾರದಲ್ಲ, ಹೇಗೆ ಹೇಳುವುದೆಂದು ಸುಮ್ಮನಿದ್ದೆ. ನೀವು ಬಾನೆಟ್ ಮೇಲೆ ಅಂಗೈ ಇಟ್ಟು, "ಎಣ್ಣೆ ಮ್ಯಾಲಕ್ಕೆ ಏರಾದು ತಡ ಆಗ್ತೈತೆ. ಮಂಜಣ್ಣ ಹೇಳಿದ್ದೇ ಹಾಕು" ಎಂದು ನೀವಾಗಿಯೇ ಅಂದಿರಿ. ಈಗ ಪುಸ್ತಕದಲ್ಲಿರುವ ಎಣ್ಣೆಯೇ ಇದೆ. ಸದ್ದಿಲ್ಲ. ಕುಡಿಯುವುದು ಮೊದಲಿನಷ್ಟೇ.

ಎಂಜಿನ್ ಬಿಚ್ಚಿ ರಿಂಗು, ಸೀಲು ಎಲ್ಲ ಹೊಸದು ಹಾಕಿಸೋಣವೇ ಎಂದಾಗ ನೀವು ಬೇಡ ಅಂದಿರಿ. ಬಿಚ್ಚಿದರೆ ವಾರಗಟ್ಟಲೆ ಶೆಡ್ಡಿನಲ್ಲೇ ಇರುತ್ತದೆ, ಕುಡಿದಷ್ಟು ಹಾಕಿಕೊಂಡು ಓಡಿಸಿ ಎಂದಿರಿ. ಹಾಗೆಯೇ ಮಾಡುತ್ತಿದ್ದೇನೆ.

ಚಿತ್ತಮ್ಮತ್ತಿಗೆಗೆ ರವಿಕೆ ಅಳತೆ ತೆಗೆದಿಟ್ಟಿದ್ದೇನೆ.

ತಂಗಿ ಹೇಮಾವತಿ


ಹಿರಿಯೂರು
9 ಫೆಬ್ರವರಿ 2025

ತಂಗಿ ಹೇಮಾವತಿಗೆ,

ಬಹಳ ದಿನವಾಯಿತು, ಕಾಗದವಿಲ್ಲ. ಸಂಕ್ರಾಂತಿಗೆ ಬರೆದದ್ದು ತಲುಪಿತೋ ಇಲ್ಲವೋ. ಚಿತ್ತಮ್ಮ ಫೋನ್ ಮಾಡಿದರೆ ಆಫ್ ಎಂದು ಬರುತ್ತದಂತೆ. ಆಯಿಲ್ ಚೇಂಜ್ ಮಾಡುವ ಹೊತ್ತಾಗಿದೆ. ಮೋಹನ್‌ಕುಮಾರ್ ಹೇಗಿದ್ದಾರೆ?

ಎರಡು ಸಾಲು ಬರೆದರೂ ಸಾಕು.

ಮುದ್ದಣ್ಣ


ಹೊಸದುರ್ಗ
2 ಮಾರ್ಚ್ 2025

ಅಣ್ಣ,

ನಿಮ್ಮ ಕಾಗದವನ್ನು ಪಕ್ಕದ ಮನೆಯವರು ಇಲ್ಲಿಗೆ ತಂದುಕೊಟ್ಟರು. ನಾನು ಮಗಳು ಅನುಪಮಾಳ ಮನೆಯಲ್ಲಿದ್ದೇನೆ.

ಅವರು ಹೋದರು. ಸಂಕ್ರಾಂತಿಯ ಮಾರನೆಯ ದಿನ. ಆಸ್ಪತ್ರೆಗೆ ಹೊರಡುವ ಹೊತ್ತು. ನಾನು ಗಿರಣಿಯ ಕಣದಲ್ಲಿ ಗೇಜ್ ನೋಡುತ್ತಿದ್ದೆ. ಒಳಗೆ ಬಂದಾಗ ಬೂಟು ಹಾಕಿಕೊಳ್ಳಲು ಕುಳಿತವರು ಹಾಗೆಯೇ ಗೋಡೆಗೆ ಒರಗಿದ್ದರು. ಒಂದು ಕಾಲಿಗೆ ಹಾಕಿಯಾಗಿತ್ತು. ಹೃದಯ ನಿಂತಿದೆ ಎಂದು ಡಾಕ್ಟರು ಹೇಳಿದರು. ಕಿಡ್ನಿಯ ಕಾಯಿಲೆಯವರಿಗೆ ಹೀಗಾಗುವುದುಂಟಂತೆ. ಯಾರು ಏನು ಮಾಡಿದ್ದರೂ ಉಳಿಯುತ್ತಿರಲಿಲ್ಲವಂತೆ. ಅವತ್ತು ಗಾಡಿ ಸರಿಯಾಗಿಯೇ ಇತ್ತು.

ಯಾರಿಗೂ ಬರೆಯಲು ಆಗಲಿಲ್ಲ.

ಗಾಡಿ ಹೊಳಲ್ಕೆರೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿದೆ. ಅನುಪಮಾ, "ಅದನ್ನ ಮಾರಿ ಇಲ್ಲೇ ಇದ್ಬಿಡಮ್ಮ. ಇನ್ನು ಎಲ್ಲಿಗ್ ಹೋಗೋದೈತೆ ನಿಂಗೆ?" ಅನ್ನುತ್ತಾಳೆ. ಅವಳ ಮಾತಿನಲ್ಲಿ ತಪ್ಪಿಲ್ಲ. ನಾನು ಓಡಿಸಲು ಕಲಿತದ್ದು ಒಂದೇ ದಾರಿ, ಆ ದಾರಿಯಲ್ಲಿ ಈಗ ನನಗೆ ಕೆಲಸವಿಲ್ಲ. ನಿಮಗೆ ಗೊತ್ತಿರುವವರು ಯಾರಾದರೂ ಕೊಳ್ಳುವವರಿದ್ದರೆ ತಿಳಿಸಿ.

ಹೇಮಾವತಿ


ಹಿರಿಯೂರು
10 ಮಾರ್ಚ್ 2025

ತಂಗಿ,

ಸಮಾಧಾನದ ಮಾತು ಬರೆಯಲು ನನಗೆ ಬರುವುದಿಲ್ಲ. ನಿನ್ನ ಕಾಗದವನ್ನು ಚಿತ್ತಮ್ಮನಿಗೆ ಓದಿ ಹೇಳಿದೆ. ಅವಳು ಅಡುಗೆ ಮಾಡಲಿಲ್ಲ, ನಾನೂ ಕೇಳಲಿಲ್ಲ. ಒಂದೇ ಭಾನುವಾರ ಕಂಡ ಮನುಷ್ಯ ಅವರು. ಕಿವುಡನ ಜೊತೆ ಅಷ್ಟು ಹೊತ್ತು ಬೇಸರವಿಲ್ಲದೆ ಮಾತಾಡಿದ್ದು ಅವರೊಬ್ಬರೇ.

ಗಾಡಿಗೆ ಜನ ಇದ್ದಾರೆ. ಇಲ್ಲಿ ಕೊಬ್ಬರಿ ವ್ಯಾಪಾರ ಮಾಡುವವನೊಬ್ಬ ನನ್ನ ಹಳೆಯ ಗಿರಾಕಿ. ಎಣ್ಣೆ ಕುಡಿಯುತ್ತದೆ ಎಂದು ಮೊದಲೇ ಹೇಳಿದ್ದೇನೆ, ಆದರೂ ಬೇಕಂತೆ. ಯುಗಾದಿ ಕಳೆದು ಒಂದು ಭಾನುವಾರ ಕರೆದುಕೊಂಡು ಬರಲೇ?

ಮಾರು, ಮಾರಬೇಡ ಎಂದು ನಾನು ಹೇಳುವುದಿಲ್ಲ. ನಾನು ಮಾರಿದವನು. ಆದರೆ ಕೊಡುವವರೆಗೆ ಹಾಗೇ ನಿಲ್ಲಿಸಬೇಡ. ಯಾರಿಂದಾದರೂ ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿಸಿ, ಬಿಸಿಯಾಗುವವರೆಗೆ ಓಡಿಸು. ಅದಕ್ಕೂ ಮುಂಚೆ ಹಳೆಯ ಎಣ್ಣೆ ತೆಗೆಸು. ಓಡದಿದ್ದರೂ ಎಣ್ಣೆ ಒಳಗೇ ಕೆಡುತ್ತದೆ.

ಅಣ್ಣ ಮುದ್ದಣ್ಣ


ಹೊಳಲ್ಕೆರೆ
17 ಏಪ್ರಿಲ್ 2025

ಅಣ್ಣ,

ಯುಗಾದಿ ಮುಗಿಸಿ ಊರಿಗೆ ಬಂದೆ. ಮಂಜಣ್ಣ ಎಣ್ಣೆ ಬದಲಾಯಿಸಿದ. ಸ್ಟಾರ್ಟ್ ಮಾಡಿದಾಗ ಬೀದಿ ತುಂಬ ನೀಲಿ ಹೊಗೆ, ಆಮೇಲೆ ನಿಂತಿತು. ಬಿಸಿಯಾಗುವವರೆಗೆ ಓಡಿಸಬೇಕು ಅಂದಿದ್ದಿರಲ್ಲ, ಎಲ್ಲಿಗೆ ಹೋಗುವುದೆಂದು ತಿಳಿಯಲಿಲ್ಲ. ಡಯಾಲಿಸಿಸ್ ವಿಭಾಗದ ನರ್ಸೊಬ್ಬರ ರವಿಕೆ ಹೊಲಿದದ್ದು ಮನೆಯಲ್ಲೇ ಉಳಿದಿತ್ತು. ಅದನ್ನು ಕೊಟ್ಟು ಬರೋಣ ಎಂದು ದುರ್ಗಕ್ಕೆ ಹೋದೆ.

ಒಳಗೆ ಹೋಗಲು ಧೈರ್ಯ ಬರಲಿಲ್ಲ. ಬಾಗಿಲಲ್ಲೇ ಕೊಟ್ಟು ತಿರುಗಿದರೆ ಮೆಟ್ಟಿಲ ಮೇಲೆ ಬೋರಕ್ಕ. ಮುಗಿಸಿಕೊಂಡು, ತೋಳಿಗೆ ಪಟ್ಟಿ ಸುತ್ತಿಕೊಂಡು, ಬಸ್‌ಸ್ಟ್ಯಾಂಡಿಗೆ ನಡೆಯಲು ಶಕ್ತಿ ಬರಲಿ ಎಂದು ಕುಳಿತಿದ್ದಳು. ನನ್ನನ್ನು ನೋಡಿದಳು. ಇವರ ವಿಷಯ ಕೇಳಲಿಲ್ಲ. ಆ ಹಾಸಿಗೆಯಲ್ಲಿ ಮೂರು ತಿಂಗಳಿಂದ ಬೇರೆಯವರನ್ನು ನೋಡುತ್ತಿರುವವಳು, ಕೇಳುವುದೇನಿದೆ? ಸರಿದು ಜಾಗ ಮಾಡಿ, "ಕುಂತ್ಕ ಬಾರಕ್ಕ" ಅಂದಳು. ಕುಳಿತೆ.

ಆಮೇಲೆ ನಾನು, ಗಾಡಿ ತಂದಿದ್ದೇನೆ, ಬಾ ಅಂದೆ. "ನಿಂಗ್ಯಾಕಕ್ಕ ತ್ರಾಸು, ನಮ್ಮೂರು ನಿಂದ್ಕಿಂತ ಮುಂದೈತೆ" ಅಂದಳು. ಎಣ್ಣೆ ಬದಲಾಯಿಸಿದ್ದೇನೆ, ಓಡಿಸಲೇಬೇಕು ಅಂದೆ. ನಕ್ಕಳು. ಮುಂದಿನ ಸೀಟಿನಲ್ಲಿ ಕೂರಿಸಿದೆ.

ಹೊಳಲ್ಕೆರೆ ದಾಟಿದ ಮೇಲಿನ ರಸ್ತೆಯಲ್ಲಿ ನಾನು ಎಂದೂ ಓಡಿಸಿರಲಿಲ್ಲ. ಎರಡು ಕಡೆ ದಾರಿ ಕೇಳಬೇಕಾಯಿತು. ಒಂದು ಕಡೆ ಕುರಿ ಮಂದೆ ಅಡ್ಡ ಬಂತು, ಎಲ್ಲ ದಾಟುವವರೆಗೆ ನಿಲ್ಲಿಸಿದೆ. ಇದು ಯಾರ ಮಂದೆ ಎಂದು ಬೋರಕ್ಕನನ್ನು ಕೇಳೋಣವೆಂದು ತಿರುಗಿದರೆ ಅವಳು ನಿದ್ದೆ ಹೋಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಪಟ್ಟಿ ಸುತ್ತಿದ ಕೈ ನನ್ನ ಕಡೆಗೆ ಬಿದ್ದಿತ್ತು.

ಅಣ್ಣ, ನಮ್ಮ ಮನೆಯವರು ನನ್ನ ಪಕ್ಕ ಕುಳಿತು ಒಂದು ದಿನವೂ ಕಣ್ಣು ಮುಚ್ಚಲಿಲ್ಲ. ಎಷ್ಟೇ ಸುಸ್ತಾಗಿದ್ದರೂ ಬಾಗಿಲ ಹಿಡಿ ಗಟ್ಟಿಯಾಗಿ ಹಿಡಿದು, ತಮ್ಮ ಕಡೆ ಇಲ್ಲದ ಬ್ರೇಕನ್ನು ಕಾಲಿನಲ್ಲಿ ಒತ್ತುತ್ತಲೇ ಬರುತ್ತಿದ್ದರು. ಮನೆ ಮುಟ್ಟಿದ ಮೇಲೆಯೇ ಮಲಗುತ್ತಿದ್ದುದು. ಅದನ್ನು ಹೇಳಿ ನಾನು ಎಷ್ಟೋ ಸಲ ಜಗಳ ಮಾಡಿದ್ದೇನೆ.

ಕೊಬ್ಬರಿ ವ್ಯಾಪಾರಿಗೆ ಗಾಡಿ ಕೊಡುವುದಿಲ್ಲ ಎಂದು ಹೇಳಿಬಿಡಿ. ಬೋರಕ್ಕನದೂ ವಾರಕ್ಕೆ ಮೂರು ದಿನ.

ಅವತ್ತು ಅವಳ ಮನೆಯ ಮುಂದೆ ಗಾಡಿ ನಿಲ್ಲಿಸಿ ಎಂಜಿನ್ ಆಫ್ ಮಾಡಿದೆ. ಹಟ್ಟಿಯೊಳಗಿಂದ ಅವಳ ಗಂಡ ಬಂದು ಗಾಜಿನಲ್ಲಿ ಇಣುಕಿ, "ಎಬ್ಬಿಸ್ಲೇನ್ರಿ?" ಅಂದ. ಬೇಡ, ಇನ್ನೂ ಸ್ವಲ್ಪ ಮಲಗಲಿ ಅಂದೆ. ಅವನು ಗಾಡಿಯ ನೆರಳಿನಲ್ಲಿ ಕುಳಿತ. ನಾನು ಸ್ಟಿಯರಿಂಗ್ ಮುಂದೆ ಕುಳಿತೇ ಇದ್ದೆ.

ತಂಗಿ ಹೇಮಾವತಿ